ಚಕ್ಕುಲಿ ಡಬ್ಬದ ಮಾತ್ರೆಗಳು

ನಮ್ಮ ಮನೆಯ ಚಕ್ಕುಲಿ ಡಬ್ಬದಲ್ಲಿ ಚಕ್ಕುಲಿ ಇರುವುದಿಲ್ಲ ಎನ್ನುವುದು ಹನುಮಂತನಗರದ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಹುಣಸೆಹಣ್ಣಿನ ಜಾಡಿಯ ಪಕ್ಕ ಇರುತ್ತಿದ್ದ ಆ ಸ್ಟೀಲ್ ಡಬ್ಬದ ತುಂಬ ಮಾತ್ರೆಗಳು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಕೂಡಿಟ್ಟವು. ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟರೆ ಅವರು ಎರಡು ದಿನ ನುಂಗುತ್ತಿದ್ದರು. ಜ್ವರ ಬಿಟ್ಟ ಮೇಲೂ ಮಾತ್ರೆ ನುಂಗುವುದು ಅವರ ಲೆಕ್ಕದಲ್ಲಿ ಹೊಟ್ಟೆ ತುಂಬಿದ ಮೇಲೂ ಬಡಿಸಿಕೊಂಡ ಹಾಗೆ. ಉಳಿದದ್ದನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ, ಚೀಟಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಡಬ್ಬಕ್ಕೆ ಸೇರಿಸುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಕೆಂಪು ಶಾಯಿಯ ಪೆನ್ನು ಅವರ ಕೈ ಬಿಟ್ಟಿರಲಿಲ್ಲ. ಒಂದೊಂದು ಚೀಟಿಯ ಮೇಲೂ ಮುದ್ದಾದ ಅಕ್ಷರ: ‘ಗಂಟಲು’, ‘ಹೊಟ್ಟೆ ಕೆಟ್ಟರೆ’, ‘ಹಲ್ಲು ನೋವು, ಊಟ ಆದ ಮೇಲೆ’, ‘ಜೋರು ಜ್ವರಕ್ಕೆ, ತುಂಬಾ ಒಳ್ಳೆಯದು’.

ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುವುದು ನಮ್ಮಲ್ಲಿ ಪದ್ಧತಿ. ಯಾರಾದರೂ ಬಟ್ಟಲಲ್ಲಿ ಪಾಯಸ ಕೊಟ್ಟರೆ, ತೊಳೆದ ಬಟ್ಟಲಿಗೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ವಾಪಸು ಕೊಡಬೇಕು. ಒಮ್ಮೆ ಎದುರುಮನೆಯ ಆಂಟಿ ಪುಳಿಯೋಗರೆ ತಂದುಕೊಟ್ಟ ಡಬ್ಬಿಗೆ ಅತ್ತೆ ಸಕ್ಕರೆಯ ಬದಲು ಆರು ಮಾತ್ರೆ ಹಾಕಿ ಕಳಿಸಿದರು. ಆಂಟಿಯ ಕಾಲಿನ ಗಾಯ ಕೀವಾಗಿತ್ತು. ವಾಸಿಯೂ ಆಯಿತು. ಆ ಗಾಯ ತಾನಾಗಿಯೇ ಒಣಗುತ್ತಿತ್ತು ಎಂದು ನಾನು ಎಷ್ಟು ಹೇಳಿದರೂ ಬೀದಿ ನಂಬಲಿಲ್ಲ.

ಇದೇ ಮನೆಯಿಂದ ದಿನಾ ಬೆಳಿಗ್ಗೆ ಹೊರಟು, ಬನಶಂಕರಿಯಲ್ಲಿ ಮೆಟ್ರೋ ಹಿಡಿದು, ತಲಘಟ್ಟಪುರದ ಆಚೆ ಇರುವ ಲ್ಯಾಬಿಗೆ ಹೋಗಿ ನಾನು ಏನು ಮಾಡುತ್ತೇನೆ ಎನ್ನುವುದನ್ನು ಕೇಳಿದರೆ ನಿಮಗೆ ನಗು ಬರಬಹುದು. ಆ್ಯಂಟಿಬಯಾಟಿಕ್‌ಗಳಿಗೆ ಬ್ಯಾಕ್ಟೀರಿಯಾಗಳು ಯಾಕೆ ಬಗ್ಗುವುದಿಲ್ಲ ಎಂದು ಹುಡುಕುವುದೇ ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಅದೇ. ಹೊಟ್ಟೆಪಾಡಿಗೆ ಲ್ಯಾಬಿನಲ್ಲಿ ಅದರ ಜೊತೆ ಕುಸ್ತಿ, ಮನೆಗೆ ಬಂದರೆ ಶೆಲ್ಫಿನ ಮೇಲೆ ಅದರ ತವರುಮನೆ.

ಬ್ಯಾಕ್ಟೀರಿಯಾಕ್ಕೆ ಮೈ ಸುತ್ತ ಒಂದು ಗೋಡೆ ಇರುತ್ತದೆ. ಇಟ್ಟಿಗೆ ಗೋಡೆಯಲ್ಲ, ಹೆಣೆದ ಬಲೆ. ಒಳಗಿನ ಒತ್ತಡಕ್ಕೆ ಜೀವಕೋಶ ಒಡೆದುಹೋಗದ ಹಾಗೆ ಹಿಡಿದಿಡುವುದು ಅದೇ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ, "ನೀನು ಅದೇನು ಓದಿದೀಯ, ನನಗೂ ಸ್ವಲ್ಪ ಹೇಳು" ಎಂದು ಕೇಳಿದ್ದರು. ಆಗ ಅವರು ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನನಗೆ ಅದೇ ಸಿಕ್ಕಿತು. ನೋಡಿ ಅತ್ತೆ, ಬ್ಯಾಕ್ಟೀರಿಯಾದ ಗೋಡೆಯನ್ನೂ ಹೀಗೇ ಕಟ್ಟುವುದು, ಈ ಕಡೆ ಎರಡು ಹೂವು, ಆ ಕಡೆ ಎರಡು, ನಡುವೆ ಒಂದು ಗಂಟು. ಗಂಟು ಹಾಕುವುದಕ್ಕೆ ಅದಕ್ಕೂ ಬೆರಳಿನಂಥ ಒಂದು ಪ್ರೋಟೀನು ಇದೆ. ಪೆನ್ಸಿಲಿನ್ ಎನ್ನುವುದು ಹೂವಿನ ತೊಟ್ಟಿನ ವೇಷ ಹಾಕಿಕೊಂಡ ಮುಳ್ಳು. ಬೆರಳು ತೊಟ್ಟೆಂದು ಅದನ್ನು ಹಿಡಿಯುತ್ತದೆ, ಆಮೇಲೆ ಬಿಡಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಗಂಟು ಬೀಳದೆ ದಂಡೆ ಬಿಚ್ಚಿಹೋಗಿ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ ಎಂದೆ.

"ಮತ್ತೆ ಸಾಯದೇ ಇರೋದು?"

"ಕೆಲವು ಕತ್ತರಿ ಇಟ್ಕೊಂಡಿರ್ತವೆ ಅತ್ತೆ. ಮುಳ್ಳನ್ನೇ ಕತ್ತರಿಸಿ ಹಾಕ್ತವೆ. ಕೆಲವು ಬೆರಳಿನ ಆಕಾರಾನೇ ಬದಲಾಯಿಸಿಕೊಳ್ತವೆ, ಮುಳ್ಳು ಚುಚ್ಚಲ್ಲ. ನೀವು ಅರ್ಧ ಮಾತ್ರೆ ತಗೊಂಡು ಬಿಟ್ರೆ ಸೀದಾ ಸಾದಾ ಇರೋವು ಸಾಯ್ತವೆ, ಇಂಥವು ಉಳ್ಕೊಳ್ತವೆ. ಆಮೇಲೆ ಅವುಗಳದ್ದೇ ಸಂಸಾರ."

"ಒಳ್ಳೆಯವರು ಹೋಗೋದು, ಖದೀಮರು ಉಳ್ಕೊಳೋದು ಎಲ್ಲಾ ಕಡೆ ಇದ್ದಿದ್ದೇ" ಎಂದು ಅತ್ತೆ ದಾರ ಕಡಿದರು. ಪಾಠ ಅರ್ಥವಾಗಿತ್ತು. ಆದರೆ ಮರುದಿನವೂ ಡಬ್ಬ ಶೆಲ್ಫಿನ ಮೇಲೇ ಇತ್ತು. ಅನ್ನ ಬಿಸಾಡದವರು ಮಾತ್ರೆ ಬಿಸಾಡುತ್ತಾರೆಯೇ? ಎಷ್ಟೋ ಸಲ ಜಗಳವಾಡಿದೆ. ಬೀದಿಯ ಹೆಂಗಸರಿಗೂ ಉಪದೇಶ ಮಾಡಿದೆ. ಬೆನ್ನ ಹಿಂದೆ ಅವರು ನನ್ನನ್ನು ಬ್ಯಾಕ್ಟೀರಿಯಾ ಮೇಡಂ ಎನ್ನುತ್ತಿದ್ದರು. ಅದು ಗೊತ್ತಿದ್ದೂ ನನಗೆ ಒಳಗೊಳಗೆ ಹೆಮ್ಮೆಯೇ ಇತ್ತು. ಇಷ್ಟಾಗಿಯೂ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ನನಗೆ ಸಿಟ್ಟು ಬೇಗ, ಅದಕ್ಕಿಂತ ಬೇಗ ಬರುವುದು ನನಗೇ ಎಲ್ಲ ಗೊತ್ತು ಎನ್ನುವ ಭಾವ. ಮೆಡಿಕಲ್ ಶಾಪಿನವರು ಡಾಕ್ಟರ ಚೀಟಿಯಿಲ್ಲದೆ ಮಾತ್ರೆ ಕೊಟ್ಟರೆ ಅಲ್ಲೇ ನಿಂತು ಜಗಳ ಕಾಯುತ್ತಿದ್ದೆ. ನನ್ನ ಗಂಡನಿಗೆ ನನ್ನ ಜೊತೆ ಮೆಡಿಕಲ್ ಶಾಪಿಗೆ ಬರುವುದೆಂದರೆ ನಾಚಿಕೆ.

ಈಗ ನಡೆದದ್ದಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದಿನ ಮಾತು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ. ನಮ್ಮ ಮನೆಯಲ್ಲಿ ಆ ಹಬ್ಬ ದೊಡ್ಡದು. ಕಳಶಕ್ಕೆ ಸೀರೆ ಉಡಿಸುವುದು ಅತ್ತೆಯೇ. ಆ ನೆರಿಗೆಗಳನ್ನು ಮುಟ್ಟುವುದಕ್ಕೂ ನನಗೆ ಅನುಮತಿಯಿಲ್ಲ. ಸಂಜೆ ಬೀದಿಯ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುತ್ತಾರೆ. ಅದೇ ಶುಕ್ರವಾರ ನನ್ನ ಲ್ಯಾಬಿಗೂ ಹೊರಗಿನಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಬೆರಳಿನ ಆಕಾರ ಬದಲಾಯಿಸಿಕೊಂಡ ಬ್ಯಾಕ್ಟೀರಿಯಾಗಳ ಮೇಲೆ ನಾವು ಪರೀಕ್ಷಿಸುತ್ತಿದ್ದ ಒಂದು ಹೊಸ ಔಷಧದ ಅಣುವಿನ ಬಗ್ಗೆ ನಾನು ಮಾತಾಡಬೇಕಿತ್ತು. ಹಬ್ಬದ ದಿನ ನಾನು ರಜೆ ಹಾಕುವುದಿಲ್ಲ ಎಂದು ಅತ್ತೆ ಮೊದಲೇ ಮುಖ ಊದಿಸಿಕೊಂಡಿದ್ದರು. ಮಧ್ಯಾಹ್ನದ ಒಳಗೆ ಬಂದುಬಿಡುತ್ತೇನೆ ಎಂದು ಒಪ್ಪಿಸಿದ್ದೆ.

ಗುರುವಾರ ಸಂಜೆ ಗಾಂಧಿ ಬಜಾರಿನಿಂದ ಹೂವು, ಬಾಳೆಕಂದು ಹೊತ್ತು ಬಂದರೆ ಅತ್ತೆ ಸೋಫಾದ ಮೇಲೆ ಶಾಲು ಹೊದ್ದು ಕೂತಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದರೆ ಕಾದ ಕಾವಲಿ.

"ಉರಿ ಕಣೇ. ಎರಡು ದಿನದಿಂದ. ಬಾತ್‌ರೂಮಿಗೆ ಹೋಗಿ ಹೋಗಿ ಸಾಕಾಗಿದೆ."

"ಎರಡು ದಿನದಿಂದ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಸ್ಪತ್ರೆ ಅಂತೀಯ. ನಾಳೆ ಹಬ್ಬ."

ಮೂತ್ರದ ಸೋಂಕು ಎಂದು ತಿಳಿಯುವುದಕ್ಕೆ ಯಾವ ವಿದ್ಯೆಯೂ ಬೇಕಿರಲಿಲ್ಲ. ಆಗ ಮಾಡಬೇಕಾದದ್ದು ಏನೆಂದು ನನಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊದಲು ಮೂತ್ರದ ಸ್ಯಾಂಪಲ್ ಕಲ್ಚರ್‌ಗೆ ಕೊಡಬೇಕು, ಆಮೇಲೆ ಡಾಕ್ಟರು ಹೇಳಿದ ಔಷಧ ಶುರುಮಾಡಬೇಕು. ಕಲ್ಚರ್ ಎಂದರೆ ಸ್ಯಾಂಪಲನ್ನು ತಟ್ಟೆಯಲ್ಲಿ ಬೆಳೆಸಿ, ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುವುದು. ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ.

"ನಡೀರಿ, ಕ್ಲಿನಿಕ್‌ಗೆ ಹೋಗ್ಬರೋಣ" ಎಂದೆ. ಅತ್ತೆ ಕದಲಲಿಲ್ಲ. ಅಲ್ಲಿ ಕೂರಿಸಿಕೊಂಡುಬಿಟ್ಟರೆ ಕಳಶ ಇಡುವವರು ಯಾರು ಎಂದರು. ಶೆಲ್ಫಿನ ಕಡೆ ನೋಡಿದರು. ನಾನೂ ನೋಡಿದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ನಾಳೆ ತೋರಿಸಬೇಕಾದ ಇಪ್ಪತ್ತೆಂಟು ಸ್ಲೈಡುಗಳು. ಇನ್ನೂ ಒಂಬತ್ತು ಮುಗಿದಿರಲಿಲ್ಲ. ಕ್ಲಿನಿಕ್‌ನಲ್ಲಿ ಎರಡು ಗಂಟೆ ಕಾಯುವುದನ್ನು ನೆನೆದರೇ ಮೈ ಉರಿಯಿತು.

ಕುರ್ಚಿ ಹಾಕಿಕೊಂಡು ಹತ್ತಿ ಡಬ್ಬ ಇಳಿಸಿದವಳು ನಾನೇ. ‘ಜೋರು ಜ್ವರಕ್ಕೆ, ತುಂಬಾ ಒಳ್ಳೆಯದು’ ಎಂಬ ಚೀಟಿ ಬಿಚ್ಚಿದೆ. ಪೆನ್ಸಿಲಿನ್ ಕುಲದ್ದು, ನಾಲ್ಕು ಮಾತ್ರೆ ಉಳಿದಿದ್ದವು. ಅವಧಿ ಮುಗಿದಿಲ್ಲವೆಂದು ನೋಡಿಕೊಂಡೆ. ಅಷ್ಟರಮಟ್ಟಿಗೆ ನಾನು ವಿಜ್ಞಾನಿ. ಒಂದನ್ನು ಬಿಡಿಸಿ, ಜ್ವರದ ಮಾತ್ರೆಯನ್ನೂ ಜೊತೆಗೆ ಸೇರಿಸಿ ಕೊಟ್ಟೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನಾನು ಬದನೆಕಾಯಿಯನ್ನು ಕೈಯಾರೆ ತಿನ್ನಿಸಿದೆ. ಅತ್ತೆ ನೀರು ಕುಡಿದು ನನ್ನನ್ನೇ ನೋಡಿದರು. ಗೆದ್ದೆ ಎನ್ನುವ ನೋಟ ಅದಲ್ಲ, ಸ್ವಲ್ಪ ಆಶ್ಚರ್ಯವಿತ್ತು.

ಹಬ್ಬ ನಡೆಯಿತು. ಜ್ವರದ ಮಾತ್ರೆಯ ಬಲದಲ್ಲಿ ಅತ್ತೆ ಕಳಶ ಇಟ್ಟರು, ಕಥೆ ಓದಿದರು, ಹೋಳಿಗೆ ತಟ್ಟುವವರಿಗೆ ಕೂತಲ್ಲಿಂದಲೇ ತಪ್ಪು ಹುಡುಕಿದರು. ನನ್ನ ಮಾತನ್ನು ಸಮಿತಿಯವರು ಮೆಚ್ಚಿಕೊಂಡರು. ಡಬ್ಬದ ಮಾತ್ರೆ ಶುಕ್ರವಾರ ಬೆಳಿಗ್ಗೆ ಒಂದು, ಸಂಜೆ ಒಂದು, ಶನಿವಾರ ಬೆಳಿಗ್ಗೆ ಕೊನೆಯದು. ಅಷ್ಟು ಹೊತ್ತಿಗೆ ಉರಿ ಕಡಿಮೆಯಾಗಿದ್ದರೂ ಸುಸ್ತು ಹೋಗಿರಲಿಲ್ಲ. ಇನ್ನು ಬಿಡುವಿದೆಯಲ್ಲ ಎಂದು ಅವರನ್ನು ಬೀದಿ ಕೊನೆಯ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಕಲ್ಚರ್‌ಗೆ ಬರೆಯುವ ಮುಂಚೆ ಕೇಳಬೇಕಾದದ್ದನ್ನು ಕೇಳಿದರು. "ಮನೇಲಿ ಏನಾದ್ರೂ ಮಾತ್ರೆ ತಗೊಂಡಿದ್ರಾ ಅಮ್ಮ?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು. "ಇಲ್ಲ ಡಾಕ್ಟ್ರೇ. ಬರೀ ಜ್ವರದ ಮಾತ್ರೆ. ನಮ್ಮನೇಲಿ ಹಾಗೆಲ್ಲ ತಗೊಳೋ ಹಾಗೇ ಇಲ್ಲ. ನನ್ನ ಸೊಸೆ ಇದರಲ್ಲೇ ಪಿಎಚ್‌ಡಿ ಮಾಡಿರೋದು, ಬಿಡ್ತಾಳಾ?"

ಡಾಕ್ಟರು ನನ್ನ ಕಡೆ ತಿರುಗಿ ಕನ್ನಡಕ ಸರಿಮಾಡಿಕೊಂಡರು. "ಹೌದಾ ಮೇಡಂ? ತುಂಬಾ ಸಂತೋಷ. ನಿಮ್ಮಂಥೋರು ಮನೆಮನೆಗೊಬ್ರು ಇದ್ರೆ ನಮ್ಮ ಕೆಲಸ ಅರ್ಧ ಕಮ್ಮಿ ಆಗತ್ತೆ."

ನಾನು ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು. ಒಂದು ಸಲ ಮೇಲೆ ಕೆಳಗೆ ತಲೆಯಾಡಿಸಿದೆ. ಸುಳ್ಳು ಹೇಳಿದವರು ಅತ್ತೆ, ಅದಕ್ಕೆ ಸಹಿ ಹಾಕಿದವಳು ನಾನು.

ಉರಿ ಕಡಿಮೆಯಾಗಿದೆಯಲ್ಲ, ರಿಪೋರ್ಟ್ ನೋಡಿ ಔಷಧ ಕೊಡೋಣ ಎಂದರು ಡಾಕ್ಟರು. ಸ್ಯಾಂಪಲ್ ಕೊಟ್ಟು ಹೊರಗೆ ಬಂದ ಮೇಲೆ, ಅತ್ತೆಯ ಸುಸ್ತಿಗೆಂದು ಹಿಡಿದ ಆಟೋದಲ್ಲಿ ಕೇಳಿದೆ. "ಯಾಕತ್ತೆ ಹಾಗೆ ಹೇಳಿದ್ರಿ?"

"ಮತ್ತೇನು ಹೇಳ್ಲಿ? ನನ್ನ ಸೊಸೇನೇ ಡಬ್ಬದಿಂದ ತೆಗೆದುಕೊಟ್ಲು ಅನ್ಲಾ? ನಿನ್ನ ಮರ್ಯಾದೆ ಏನಾಗತ್ತೆ?"

ಅಷ್ಟು ವರ್ಷ ಡಬ್ಬಕ್ಕಾಗಿ ನನ್ನೊಡನೆ ಜಗಳವಾಡಿದ ಹೆಂಗಸು, ನನ್ನ ಮರ್ಯಾದೆ ಕಾಯುವುದಕ್ಕೆ ಡಾಕ್ಟರ ಮುಂದೆ ಸುಳ್ಳು ಹೇಳಿದ್ದರು. ನನಗೆ ಹಿತವೆನಿಸಿತು, ನಿಜ ಹೇಳಬೇಕೆಂದರೆ. ನಾಚಿಕೆಯೂ ಆಯಿತು. ಆದರೆ ಆಟೋ ತಿರುಗಿಸಿ ಎಂದು ಹೇಳುವಷ್ಟು ಆಗಲಿಲ್ಲ.

ಭಾನುವಾರ ಸಂಜೆ ಜ್ವರ ಮತ್ತೆ ಏರಿತು. ಸೋಮವಾರ ರಿಪೋರ್ಟ್ ನನ್ನ ಫೋನಿಗೆ ಬಂತು. ಲ್ಯಾಬಿನಲ್ಲಿ ನನ್ನ ತಟ್ಟೆಗಳನ್ನು ನೋಡುತ್ತಾ ನಿಂತಿದ್ದಾಗ ತೆರೆದೆ. ಬ್ಯಾಕ್ಟೀರಿಯಾ ಬೆಳವಣಿಗೆ ಇಲ್ಲ ಎಂದಿತ್ತು. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸಿಹಿ ಸುದ್ದಿಯಿಲ್ಲ. ಔಷಧ ಹಾಕಿದ ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ನಾವು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸುತ್ತೇವೆ. ಒಂದು ಕ್ಷಣ ನನಗೂ ಖುಷಿಯೇ ಆಯಿತು. ಮರುಕ್ಷಣ ಸ್ಯಾಂಪಲ್ ಕೊಟ್ಟ ಹೊತ್ತನ್ನು ಲೆಕ್ಕಹಾಕಿದೆ.

ತಿಳಿಯದೆ ಏನು! ನಾಲ್ಕನೆಯ ಮಾತ್ರೆ ನುಂಗಿದ ಎರಡು ಗಂಟೆಗೆ ಕೊಟ್ಟ ಸ್ಯಾಂಪಲ್ ಅದು. ಆ ಔಷಧ ಮೂತ್ರದಲ್ಲೇ ಹೆಚ್ಚು ಸೇರುವುದು. ದುರ್ಬಲವಾದವು ಸತ್ತಿರುತ್ತವೆ, ಗಟ್ಟಿಯಾದವು ತಟ್ಟೆಯಲ್ಲಿ ಕಾಣದಷ್ಟು ಕಡಿಮೆ ಉಳಿದಿರುತ್ತವೆ, ಇಲ್ಲವೇ ಗೋಡೆ ಹರಿದುಕೊಂಡು ಅರೆಜೀವವಾಗಿರುತ್ತವೆ. ಆ ರಿಪೋರ್ಟಿಗೆ ಒಂದು ಬಸ್ ಟಿಕೆಟ್ಟಿನ ಬೆಲೆಯೂ ಇರಲಿಲ್ಲ. ಅದು ಗೊತ್ತಿದ್ದವಳು ಜಗತ್ತಿನಲ್ಲಿ ನಾನೊಬ್ಬಳೇ. ಸಂಜೆ ನನ್ನ ಗಂಡ ಅತ್ತೆಯನ್ನು ಕರೆದುಕೊಂಡು ಹೋದಾಗ ಡಾಕ್ಟರು ಅದನ್ನು ನಂಬಿದರು, ಯಾಕೆ ನಂಬಬಾರದು? ಮೂತ್ರದಲ್ಲಿ ಏನೂ ಇಲ್ಲವೆಂದ ಮೇಲೆ ಜ್ವರ ಬೇರೆ ಎಲ್ಲಿಂದಲೋ ಬಂದಿರಬೇಕು. ಮಳೆಗಾಲ, ಬೀದಿಯಲ್ಲಿ ಎರಡು ಮನೆಯಲ್ಲಿ ಡೆಂಗ್ಯೂ ಇತ್ತು. ಅದರ ಪರೀಕ್ಷೆಗೆ ಬರೆದುಕೊಟ್ಟು, ನೀರು ಜಾಸ್ತಿ ಕುಡಿಸಿ, ನಾಳೆ ನೋಡೋಣ ಎಂದರು.

ನಾನು ಅವರಿಗೆ ಫೋನ್ ಮಾಡಲಿಲ್ಲ. ಮಾಡಲು ಹೊರಟೆ, ನಂಬರು ಒತ್ತಿದೆ, ಕಟ್ ಮಾಡಿದೆ. ನಾಲ್ಕೇ ಮಾತ್ರೆಯಲ್ಲವೇ ಎಂದುಕೊಂಡೆ. ಡೆಂಗ್ಯೂವೇ ಇರಬಹುದಲ್ಲ ಎಂದುಕೊಂಡೆ. ಅತ್ತೆಗೆ ಡೆಂಗ್ಯೂ ಬಂದಿರಲಿ ಎಂದು ಆಸೆಪಟ್ಟ ಸೊಸೆ ನಾನು. ಮನೆಮನೆಗೊಬ್ಬರು ಇರಬೇಕಾದ ಮೇಡಂ, ನಾನೇ ಕೊಟ್ಟೆ ಎಂದು ಹೇಗೆ ಹೇಳುವುದು? ಇವತ್ತಿಗೂ ಆ ಸೋಮವಾರದ ನೆನಪು ಬಂದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಂಗಳವಾರ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಗೋಡೆಯ ಕಡೆ ನೋಡುತ್ತಾ ಹಾಜರಿ ಕರೆಯುತ್ತಿದ್ದರು. ಒಂದಾದ ಮೇಲೊಂದು ಹೆಸರು, ನಡುವೆ ಉತ್ತರಕ್ಕೆ ಒಂದು ಕ್ಷಣ ಬಿಡುವು. ನನ್ನನ್ನು ನೋಡಿ, "ಲೇಟಾಗಿ ಬಂದಿದೀಯ, ಹೊರಗೆ ನಿಂತ್ಕೋ" ಎಂದರು. ನಾನು ಕಾಫಿ ಲೋಟ ಹಿಡಿದುಕೊಂಡು ನಿಜವಾಗಿಯೂ ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಆಮೇಲೆ ಗಂಡನನ್ನು ಕೂಗಿದೆ. ಅತ್ತೆಯ ಉಗುರುಗಳು ನೀಲಿಯಾಗಿದ್ದವು.

ಜಯನಗರದ ಆಸ್ಪತ್ರೆಯಲ್ಲಿ ಎಮರ್ಜೆನ್ಸಿಗೆ ಸೇರಿಸಿಕೊಂಡರು. ರಕ್ತದೊತ್ತಡ ಬಿದ್ದುಹೋಗಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರು ಮೂವತ್ತು ದಾಟದ ಹೆಣ್ಣುಮಗಳು. ಫೈಲಿನಲ್ಲಿದ್ದ ರಿಪೋರ್ಟ್ ನೋಡಿದರು. "ಯೂರಿನ್ ಕಲ್ಚರ್‌ನಲ್ಲಿ ಏನೂ ಬಂದಿಲ್ಲ. ಸೋಂಕು ಎಲ್ಲಿಂದ ಅಂತ ಹುಡುಕ್ಬೇಕು. ಎದೇದು, ಹೊಟ್ಟೇದು ಸ್ಕ್ಯಾನ್ ಕಳಿಸ್ತೀನಿ" ಎಂದರು. ಹುಡುಕುವುದಕ್ಕೆ ಇನ್ನೊಂದು ದಿನ ಹಿಡಿಯುತ್ತಿತ್ತು. ಅತ್ತೆಯ ಬಳಿ ಇನ್ನೊಂದು ದಿನ ಇರಲಿಲ್ಲ. ಅದು ಯಾರಿಗಾದರೂ ಕಾಣುತ್ತಿತ್ತು.

"ಹುಡುಕ್ಬೇಡಿ" ಎಂದೆ. "ಯೂರಿನ್‌ನಿಂದಾನೇ. ಆ ರಿಪೋರ್ಟ್ ನಂಬ್ಬೇಡಿ. ಸ್ಯಾಂಪಲ್ ಕೊಡೋ ಮುಂಚೆ ನಾನು ನಾಲ್ಕು ಮಾತ್ರೆ ಕೊಟ್ಟಿದ್ದೆ. ಮನೇಲಿ ಉಳಿದಿದ್ದು."

"ಯಾವ ಮಾತ್ರೆ?"

ಹೇಳಿದೆ.

"ನೀವು ಏನ್ ಕೆಲಸ ಮಾಡೋದು?"

ಅದನ್ನೂ ಹೇಳಿದೆ. ನನ್ನ ಗಂಡ ಪಕ್ಕದಲ್ಲೇ ನಿಂತಿದ್ದ. ಅವನಿಗೂ ಅದು ಆಗಲೇ ತಿಳಿದದ್ದು. ಆ ಹುಡುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಫೈಲಿನಲ್ಲಿ ಎರಡು ಸಾಲು ಬರೆದುಕೊಂಡರು. "ಶನಿವಾರಾನೇ ಹೇಳಿದ್ರೆ ಚೆನ್ನಾಗಿತ್ತು" ಎಂದಷ್ಟೇ ಹೇಳಿ ನರ್ಸನ್ನು ಕರೆದರು. ರಕ್ತದ್ದೂ ಮೂತ್ರದ್ದೂ ಹೊಸ ಸ್ಯಾಂಪಲ್ ತೆಗೆದರು, ತೆಗೆದ ತಕ್ಷಣ ದೊಡ್ಡ ಇಂಜೆಕ್ಷನ್ ಶುರುಮಾಡಿದರು. ಮೊದಲು ಸ್ಯಾಂಪಲ್, ಆಮೇಲೆ ಔಷಧ. ನಾನು ಕಾರಿಡಾರಿನ ಕುರ್ಚಿಯಲ್ಲಿ ಕೂತು ಅದನ್ನು ನೋಡಿದೆ.

ಆ ಇಂಜೆಕ್ಷನ್ನೂ ಬ್ಯಾಕ್ಟೀರಿಯಾದ ಗೋಡೆಗೇ ಕೈ ಹಾಕುವಂಥದ್ದು. ಪೆನ್ಸಿಲಿನ್ನಿನ ದೂರದ ನೆಂಟ, ಕತ್ತರಿಗಳಿಗೆ ಸುಲಭಕ್ಕೆ ಸಿಗದ ಮುಳ್ಳು. ಬೇರೆ ಯಾವುದೂ ಕೆಲಸ ಮಾಡದಾಗ ತೆಗೆಯಬೇಕೆಂದು ಎತ್ತಿಟ್ಟ ಔಷಧ. ಇದಕ್ಕೂ ಬಗ್ಗದ ಬ್ಯಾಕ್ಟೀರಿಯಾಗಳು ನನ್ನ ಲ್ಯಾಬಿನ ಫ್ರೀಜರಿನಲ್ಲಿ ಸಾಲಾಗಿವೆ. ಅವುಗಳ ಗುರುತಿನ ನಂಬರುಗಳು ನನಗೆ ಬಾಯಿಪಾಠ. ಅತ್ತೆಯ ಮೈಯಲ್ಲಿರುವುದು ಅಂಥದ್ದೇ ಆಗಿದ್ದರೆ ಎಂದು ಎರಡು ದಿನ ಉಸಿರು ಬಿಗಿಹಿಡಿದು ಕೂತಿದ್ದೆ. ಅದಕ್ಕಾಗಿ ನಾವು ತಯಾರಿಸುತ್ತಿದ್ದ ಅಣು ಇನ್ನೂ ತಟ್ಟೆ ಬಿಟ್ಟು ಆಚೆ ಬಂದಿರಲಿಲ್ಲ. ಸಮಿತಿಯವರು ಮೆಚ್ಚಿಕೊಂಡಿದ್ದರು, ಅಷ್ಟೆ. ಅದನ್ನು ಯಾರ ನರಕ್ಕೂ ಚುಚ್ಚುವ ಹಾಗಿರಲಿಲ್ಲ.

ಗುರುವಾರ ರಿಪೋರ್ಟ್ ಬಂತು. ಈ ಸಲ ತಟ್ಟೆಯ ತುಂಬ ಬೆಳೆದಿತ್ತು. ಔಷಧಗಳ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಬಗ್ಗುವುದಿಲ್ಲ, ಬಗ್ಗುವುದಿಲ್ಲ ಎಂದೇ ಇತ್ತು. ನಾನು ಕೊಟ್ಟ ಮಾತ್ರೆಯ ಹೆಸರಿನ ಮುಂದೆಯೂ ಅದೇ. ಕೊನೆಗೆ ಎರಡು ಹೆಸರುಗಳ ಮುಂದೆ ಮಾತ್ರ ಬಗ್ಗುತ್ತದೆ ಎಂದಿತ್ತು. ಅದರಲ್ಲಿ ಒಂದು ಅವರ ಕೈಗೆ ಹರಿಯುತ್ತಿದ್ದ ಇಂಜೆಕ್ಷನ್. ನಾನು ಆ ಕಾಗದ ಹಿಡಿದುಕೊಂಡು ಲಿಫ್ಟಿನ ಪಕ್ಕ ನಿಂತು ಅತ್ತುಬಿಟ್ಟೆ. ಇಪ್ಪತ್ತು ವರ್ಷ ಇಂಥ ಪಟ್ಟಿಗಳನ್ನು ಓದಿದ್ದೇನೆ. ಯಾವತ್ತೂ ಅವುಗಳ ತುದಿಯಲ್ಲಿ ಕುಂಕುಮ ಇಟ್ಟುಕೊಂಡ ಮುಖ ಇರಲಿಲ್ಲ.

ನಾಲ್ಕನೆಯ ದಿನ ಅತ್ತೆಗೆ ಪ್ರಜ್ಞೆ ಪೂರ್ತಿ ತಿಳಿಯಾಯಿತು. ರೌಂಡ್ಸಿಗೆ ಬಂದ ಅದೇ ಡಾಕ್ಟರು ನಗುತ್ತಾ ಹೇಳಿದರು. "ಅಜ್ಜಿ, ಇನ್ಮೇಲೆ ಸೊಸೆ ಕೊಟ್ರೂ ಸರಿ, ಮನೇಲಿರೋ ಮಾತ್ರೆ ತಗೋಬೇಡಿ. ಅವರು ಹೇಳಿದ್ದಕ್ಕೆ ಬಚಾವ್ ಆದ್ರಿ."

ಅತ್ತೆ ನನ್ನ ಕಡೆ ನೋಡಿದರು. ಡಾಕ್ಟರು ಹೋದ ಮೇಲೆ ಕೇಳಿದರು.

"ಹೇಳ್ಬಿಟ್ಯಾ?"

"ಹೇಳ್ದೆ ಅತ್ತೆ."

"ನಾನು ಇಲ್ಲ ಅಂದಿದ್ದೆ. ನೀನು ಹೌದು ಅಂದೆ. ಮೂವತ್ತಾರು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಹೇಳ್ಕೊಂಡು ಬಂದೋಳು, ನಿನಗೋಸ್ಕರ ಒಂದು ಸುಳ್ಳು ಹೇಳ್ದೆ. ನೀನು ಅದನ್ನೂ ಬಯಲು ಮಾಡ್ದೆ." ಗೋಡೆ ಕಡೆ ಮಗ್ಗುಲಾದರು.

ಅವರು ಹನ್ನೊಂದನೆಯ ದಿನ ಮನೆಗೆ ಬಂದರು. ಕಿಡ್ನಿಗೆ ಸ್ವಲ್ಪ ಪೆಟ್ಟಾಗಿದೆ, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು ಎಂದರು ಆಸ್ಪತ್ರೆಯವರು. ಅದು ಈಗಲೂ ನಡೆಯುತ್ತಿದೆ. ಮೂರು ತಿಂಗಳಿಗೊಮ್ಮೆ ಆ ರಕ್ತಪರೀಕ್ಷೆಯ ಅಂಕಿ ಬರುವವರೆಗೆ ನನಗೆ ಊಟ ಸೇರುವುದಿಲ್ಲ. ಮನೆಗೆ ಬಂದ ಮೇಲೆ ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಉಪ್ಪು ಸಾಲದು, ಹಾಲಿನವನು ಬಂದ, ಇಷ್ಟೇ. ನನ್ನ ಗಂಡನೂ ಮೊದಲ ವಾರ ಹೆಚ್ಚು ಮಾತಾಡಲಿಲ್ಲ. ಅವನನ್ನು ದೂರಲಾರೆ.

ಎರಡನೆಯ ವಾರ ಬೆಳಿಗ್ಗೆ ಲ್ಯಾಬಿಗೆ ಹೊರಟು ಚಪ್ಪಲಿ ಹಾಕುತ್ತಿದ್ದಾಗ ಅತ್ತೆ ಡಬ್ಬ ತಂದು ನನ್ನ ಬ್ಯಾಗಿನ ಪಕ್ಕ ಇಟ್ಟರು. "ನಿಮ್ಮ ಲ್ಯಾಬಲ್ಲಿ ಇಂಥದ್ದನ್ನ ಸುಟ್ಟು ಹಾಕೋಕೆ ವ್ಯವಸ್ಥೆ ಇದೆ ಅಂತಿದ್ದೆಯಲ್ಲ. ಕಸದ ಗಾಡಿಗೆ ಹಾಕಿದ್ರೆ ಕೆರೆ ಸೇರತ್ತೆ ಅಂತೀಯ. ತಗೊಂಡ್ಹೋಗು. ಡಬ್ಬ ಮಾತ್ರ ತೊಳೆದು ವಾಪಸ್ ತಾ, ನಮ್ಮಮ್ಮ ಕೊಟ್ಟಿದ್ದು."

ಮೆಟ್ರೋದಲ್ಲಿ ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು ಕೂತೆ. ಪಕ್ಕದ ಹೆಂಗಸು, ತಿಂಡಿಯಾ ಎಂದು ಕೇಳಿದರು. ಹೌದು ಎಂದೆ. ಲ್ಯಾಬಿನಲ್ಲಿ ಚೀಟಿಗಳನ್ನು ಬಿಚ್ಚಿ ಮಾತ್ರೆಗಳನ್ನು ಸುಡುವ ತೊಟ್ಟಿಗೆ ಹಾಕಿದೆ. ಚೀಟಿಗಳನ್ನು ಬಿಸಾಡಲು ಮನಸ್ಸು ಬರಲಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿವೆ. ‘ಜೋರು ಜ್ವರಕ್ಕೆ, ತುಂಬಾ ಒಳ್ಳೆಯದು’ ಎನ್ನುವುದು ಎಲ್ಲಕ್ಕಿಂತ ಮೇಲಿದೆ.

ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ನಾನು ಒಳಗಿನ ರೂಮಿನಲ್ಲಿ ಬಟ್ಟೆ ಮಡಿಸುತ್ತಿದ್ದೆ. ಎದುರುಮನೆಯ ಆಂಟಿ ಬಂದ ಸದ್ದಾಯಿತು. ಬಟ್ಟಲಲ್ಲಿ ಅವರೆಕಾಳಿನ ಹುಳಿ ತಂದಿದ್ದರು. ಸ್ವಲ್ಪ ಹೊತ್ತು ಅದೂ ಇದೂ ಆದ ಮೇಲೆ ವಿಷಯಕ್ಕೆ ಬಂದರು.

"ಗಂಟಲು ಕಟ್ಕೊಂಡು ಮೂರು ದಿನ ಆಯ್ತು ರೀ. ನಿಮ್ಮ ಡಬ್ಬದಲ್ಲಿ ಗಂಟಲಿಂದು ಇತ್ತಲ್ಲ, ಒಂದೆರಡು ಕೊಡಿ."

"ಡಬ್ಬದಲ್ಲಿ ಈಗ ಚಕ್ಕುಲಿ ಇದೆ" ಎಂದರು ಅತ್ತೆ. "ಡಾಕ್ಟರ ಹತ್ರ ಹೋಗಿ. ಏನನ್ನೂ ನುಂಗೋ ಮುಂಚೆ ಹೋಗಿ."

"ಅಯ್ಯೋ, ನಿಮ್ಮ ಸೊಸೆ ನಿಮಗೂ ಪಾಠ ಮಾಡ್ಬಿಟ್ಲಾ?"

ನಾನು ಮಡಿಸುತ್ತಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ನಿಂತೆ.

"ಪಾಠ ಇಪ್ಪತ್ತು ವರ್ಷದಿಂದ ಮಾಡ್ತಾನೇ ಇದ್ಲು, ಯಾರು ಕೇಳಿದ್ರು?" ಅತ್ತೆಯ ದನಿ ತರಗತಿಯ ಕೊನೆ ಬೆಂಚಿಗೂ ಕೇಳಿಸುವಂಥದ್ದು. "ಅಷ್ಟು ಓದಿರೋ ಅವಳೇ ತಪ್ಪು ಮಾಡಿ ನನ್ನ ಸಾಯಿಸೋಕೆ ಹೊರಟಿದ್ಲು ರೀ. ಸಮಾಜ ಪಾಠದ ಮೇಡಂ ನಾನು, ನಾನು ಕೊಟ್ರೆ ನಿಮ್ಮ ಗತಿ ಏನು?"

ನನ್ನ ಕಿವಿ ಬಿಸಿಯಾಯಿತು. ಬೀದಿಯಲ್ಲಿ ಇನ್ನು ನನ್ನ ಮರ್ಯಾದೆ ಉಳಿದಂತೆಯೇ ಎಂದುಕೊಂಡೆ. ಆಂಟಿ ಏನೋ ಮೆಲ್ಲಗೆ ಕೇಳಿದರು. ಕೇಳಿಸಲಿಲ್ಲ. ಅತ್ತೆಯ ಉತ್ತರ ಕೇಳಿಸಿತು.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮುಚ್ಚಿಡಬಹುದಾಗಿತ್ತು, ನಾನೇ ಮುಚ್ಚಿಟ್ಟಿದ್ದೆ. ಗಂಡನ ಎದುರಿಗೆ, ಡಾಕ್ಟರ ಎದುರಿಗೆ ನಿಂತು, ನಾನೇ ಕೊಟ್ಟೆ ಅಂದ್ಲು. ಅದಕ್ಕೇ ನಾನು ಇವತ್ತು ನಿಮ್ಮ ಬಟ್ಟಲು ತೊಳೀತಾ ಇರೋದು."

ನಲ್ಲಿ ನಿಂತಿತು. ಡಬ್ಬದ ಮುಚ್ಚಳ ತೆಗೆದ ಸದ್ದು ಬಂತು. ತೊಳೆದ ಬಟ್ಟಲಿಗೆ ಚಕ್ಕುಲಿ ಹಾಕಿ ಆಂಟಿಯನ್ನು ಕಳಿಸಿ, ಅತ್ತೆ ರೂಮಿನ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ನಾನು ಅಲ್ಲಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತೋ ಏನೋ. "ಆ ಸೀರೆ ಹಾಗೆ ಮಡಿಸೋದಲ್ಲ, ಕೊಡು ಇಲ್ಲಿ" ಎಂದು ನನ್ನ ಕೈಯಿಂದ ತೆಗೆದುಕೊಂಡರು.